ಹಳೆಯ ಕಂಟ್ರಿ ಕಾಮಿಡಿ ರೆಕಾರ್ಡ್ ಸಿಕ್ಕಿವೆ, ಮುಂದೇನು?

ಪ್ರಶ್ನೆ: ಮನೆಯವರು ಹಳೆ ಸಾಮಾನು ಮಾರುವ ಗರಾಜ್ ಸೇಲ್ ಒಂದರಲ್ಲಿ ಒಂದು ಡಬ್ಬ ಗ್ರಾಮಫೋನ್ ರೆಕಾರ್ಡ್ ತಂದೆ. ಎಲ್ಲ ಅಮೆರಿಕದ ಹಳ್ಳಿ ಸೊಗಡಿನ ಕಂಟ್ರಿ ಸಂಗೀತದ ಹಾಸ್ಯಗಾರರದು. ಹೋಮರ್ ಅಂಡ್ ಜೆತ್ರೋ, ಬೆನ್ ಕೋಲ್ಡರ್, ಮಿನ್ನಿ ಪರ್ಲ್ ಎಲ್ಲ ಇದ್ದಾರೆ. ಕೆಲವು ನಿಮಿಷಕ್ಕೆ 78 ಸುತ್ತು ತಿರುಗುವ 78, ಕೆಲವು 45 ಸುತ್ತಿನ 45. ತೊಳೆಯೋದು ಹೇಗೆ, ಮುಂದೆ ಯಾವುದು ಕೊಳ್ಳೋದು, ನಾಲ್ಕು ಜನಕ್ಕೆ ಕೇಳಿಸೋದು ಹೇಗೆ? ಅನುಭವ ಇದ್ದವರು ಹೇಳಿ.

ನಾಕ್ಸ್‌ವಿಲ್‌ನಿಂದ: ಅಣಕು ಹಾಡಿನ ಜೋಡಿ ಹೋಮರ್, ಜೆತ್ರೋ ಇಬ್ಬರೂ ಜೊತೆಯಾದದ್ದು ಈ ಊರಿನ ರೇಡಿಯೊದಲ್ಲಿ. ಹಾಗಾಗಿ ನನಗೆ ಅಭಿಮಾನ ಸ್ವಲ್ಪ ಜಾಸ್ತಿ. ಅಣಕು ಹಾಡು ಸಿಕ್ಕರೆ ಅದರ ಮೂಲ ಹಾಡನ್ನೂ ಹುಡುಕಿ ಜೋಡಿಯಾಗಿ ಇಡಿ. 1953ರಲ್ಲಿ ಪ್ಯಾಟಿ ಪೇಜ್ ಅಂಗಡಿ ಕಿಟಕಿಯ ನಾಯಿಮರಿಗೆ ಬೆಲೆ ಕೇಳುತ್ತಾ ಹಾಡಿದರು. ಅದೇ ವರ್ಷ ಹೋಮರ್, ಜೆತ್ರೋ ಅದನ್ನು ಅಣಕಿಸಿ ಆ ಮುದ್ದು ಮರಿಯನ್ನು ಬೇಟೆನಾಯಿ ಮಾಡಿಬಿಟ್ಟರು. 1959ರಲ್ಲಿ ಜಾನಿ ಹಾರ್ಟನ್ ನ್ಯೂ ಆರ್ಲಿಯನ್ಸ್ ಯುದ್ಧದ ಹಾಡು ಹಾಡಿದರೆ, ಇವರ ಕೈಯಲ್ಲಿ ಅದು ಬೇಸಿಗೆ ಶಿಬಿರದ ಹುಡುಗರ ದಂಡಯಾತ್ರೆ ಆಯಿತು. ಹೆಸರು 'ಬ್ಯಾಟಲ್ ಆಫ್ ಕೂಕಮೊಂಗಾ'. ಗ್ರ್ಯಾಮಿ ಸಂಗೀತ ಪ್ರಶಸ್ತಿಯೂ ಬಂತು.

ಮೂಲ ಗೊತ್ತಿಲ್ಲದವರ ಮುಂದೆ ಇದನ್ನು ಹಾಕಿದರೆ ಸುಮ್ನೆ ಮುಖ ಮುಖ ನೋಡುತ್ತಾರೆ. ಊರಿಂದ ಬಂದಿದ್ದ ನಮ್ಮ ಮಾವ ಹಾಗೇ ಕೂತಿದ್ದರು. ಕೈಲಾಸಂ ಇಂಗ್ಲಿಷ್ ಹಾಡಿನ 'ಟಿಪ್ಪರರಿ'ಯನ್ನು 'ತಿಪ್ಪಾರಳ್ಳಿ' ಮಾಡಲಿಲ್ವಾ, ಅದೇ ಆಟ ಅಂದೆ. ಹಾರ್ಟನ್ ರೆಕಾರ್ಡ್ ಮೊದಲು ಹಾಕಿ, ಆಮೇಲೆ ಇದನ್ನು ಹಾಕಿದೆ. ಎರಡನೇ ಸಾಲಿಗೇ ಕಾಫಿ ಲೋಟ ಕೆಳಗಿಟ್ಟು ನಕ್ಕರು.

ಹಾಗೇ ಜೆತ್ರೋ ಅವರ ಮ್ಯಾಂಡೊಲಿನ್ ಕಡೆ ಒಂದು ಕಿವಿ ಇರಲಿ. ಪೆದ್ದನ ವೇಷದ ಹಿಂದೆ ಒಳ್ಳೆ ಜಾಝ್ ಕೈ ಇದೆ.

ಓಹಾಯೋದಿಂದ: ತೊಳೆಯುವ ವಿಷಯಕ್ಕೆ ನನ್ನ ಪೆದ್ದುತನವೇ ಪಾಠ. 78ಗಳು ಹೆಚ್ಚಾಗಿ ಶೆಲ್ಯಾಕ್, ಅಂದರೆ ಅರಗು. ನಾನು ಆಲ್ಕೋಹಾಲ್ ಇದ್ದ ಕ್ಲೀನರ್ ಹಾಕಿ ಒರೆಸಿದೆ. ಬಿಳಿ ಬಟ್ಟೆ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂತ ಖುಷಿಯಾಗಿ ಇನ್ನೂ ಜೋರಾಗಿ ಉಜ್ಜಿದೆ. ಬಿಡುತ್ತಿದ್ದದ್ದು ಹಾಡು! ಅರಗಿನ ಮನೆಗೆ ಬೆಂಕಿ ಹೇಗೋ ಅರಗಿನ ರೆಕಾರ್ಡಿಗೆ ಆಲ್ಕೋಹಾಲ್ ಹಾಗೆ. ಡಿಸ್ಟಿಲ್ಡ್ ನೀರು, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬಟ್ಟೆ ಸಾಕು. ಲೇಬಲ್ ನೆನೆಯಬಾರದು.

ಎಲ್‌ಪಿ, ಅಂದರೆ ನಿಧಾನ ತಿರುಗುವ ದೊಡ್ಡ ರೆಕಾರ್ಡಿನ ಸೂಜಿಯಲ್ಲಿ 78 ನುಡಿಸಬೇಡಿ. 78ರ ಗೆರೆ ಅಗಲ, ಸುಮಾರು 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಭಾಗ) ಸೂಜಿ ಬೇಕು. ಸಣ್ಣ ಸೂಜಿ ತಳಕ್ಕಿಳಿದು ಬರೀ ಕರಕರ ಅನ್ನುತ್ತದೆ.

ಆರ್‌ಸಿಎ ವಿಕ್ಟರ್ ಕಂಪನಿಯ ರೆಕಾರ್ಡ್ ಆದರೆ ಲೇಬಲ್ಲಿನ ನಂಬರ್ ನೋಡಿ. 1950ರ ದಶಕದ ಶುರುವಿನಲ್ಲಿ ಒಂದೇ ಹಾಡು ಎರಡು ಥರ ಬರುತ್ತಿತ್ತು. 20 ಅಂತ ಶುರುವಾದರೆ 78, 47 ಅಂತ ಶುರುವಾದರೆ 45. ಮುಂದಿನ ಅಂಕಿಗಳು ಅವೇ. ಗೊತ್ತಿಲ್ಲದೆ ಒಂದೇ ಹಾಡನ್ನು ಎರಡು ಸಲ ಕೊಂಡವನ ಮಾತಿದು.

ಟೆಕ್ಸಾಸ್‌ನಿಂದ: ಬೆನ್ ಕೋಲ್ಡರ್ ಅಂದರೆ ಶೆಬ್ ವೂಲಿ, 'ಪರ್ಪಲ್ ಪೀಪಲ್ ಈಟರ್' ಹಾಡಿದವರೇ. 'ಡೋಂಟ್ ಗೋ ನಿಯರ್ ದಿ ಇಂಡಿಯನ್ಸ್' ಅನ್ನೋ ಹಾಡು ಇವರು ಹಾಡಬೇಕಿತ್ತು. ಸಿನಿಮಾ ಕೆಲಸದಲ್ಲಿ ತಡವಾಗಿ ಗಾಯಕ ರೆಕ್ಸ್ ಅಲೆನ್ ಪಾಲಾಯಿತು. ಇವರು 1962ರಲ್ಲಿ ಅದನ್ನೇ ಅಣಕಿಸಿ, ಕುಡುಕನ ಗಂಟಲಲ್ಲಿ ಎಸ್ಕಿಮೊ ಹಾಡು ಹಾಡಿ ಗೆದ್ದರು. ಕೆಲವು ಜೋಕು ಇವತ್ತು ಕಿವಿಗೆ ಕಹಿ. ಮಕ್ಕಳು, ನೆಂಟರ ಮುಂದೆ ಹಾಕುವ ಮೊದಲು ಒಮ್ಮೆ ಕೇಳಿಬಿಡಿ.

ನ್ಯೂಜೆರ್ಸಿಯಿಂದ: ಹಳೇದು ಅಂತ ಇಂಟರ್‌ನೆಟ್ಟಿಗೆ ಏರಿಸಬೇಡಿ. 2018ರ ಅಮೆರಿಕದ ಕಾನೂನಿನ ಪ್ರಕಾರ 1947ರಿಂದ 1956ರ ರೆಕಾರ್ಡಿಂಗಿಗೆ 110 ವರ್ಷ ಹಕ್ಕುಸ್ವಾಮ್ಯದ ರಕ್ಷಣೆ. ಅಲ್ಲಿಂದ ಮುಂದೆ, 1972ರ ಫೆಬ್ರವರಿ 15ಕ್ಕೆ ಮೊದಲಿನವಕ್ಕೆ 2067ರವರೆಗೆ. ರೆಕಾರ್ಡನ್ನೇ ಕೊಡಬಹುದು, ಮಾರಬಹುದು, ಮನೆಯಲ್ಲಿ ಕೂರಿಸಿ ಕೇಳಿಸಬಹುದು. ಅಂಚೆಯಲ್ಲಿ ಪುಸ್ತಕ, ರೆಕಾರ್ಡುಗಳಿಗೆಂದೇ ಇರುವ ಮೀಡಿಯಾ ಮೇಲ್ ಅಗ್ಗ. 78 ಆದರೆ ಎರಡೂ ಕಡೆ ದಪ್ಪ ರಟ್ಟು ಇಡಿ, ಇಲ್ಲದಿದ್ದರೆ ಹಪ್ಪಳ ಬರುತ್ತದೆ.

ಪ್ರಶ್ನೆ ಕೇಳಿದವರು: ಡಬ್ಬ ಮತ್ತೆ ತೆಗೆದೆ. ಬೇಟೆನಾಯಿ ಎರಡು ಇವೆ, 20ರದ್ದೊಂದು, 47ರದ್ದೊಂದು! 78 ಸೂಜಿ ನನ್ನ ಹತ್ತಿರ ಇಲ್ಲ. ಓಹಾಯೋದವರೇ, 20 ನಿಮಗೆ ಕಳಿಸಲಾ? ಬದಲಿಗೆ ಪ್ಯಾಟಿ ಪೇಜ್ 45 ಇದ್ದರೆ ಕೊಡಿ.