‘ರೆಬೆಕಾ’: ಮ್ಯಾಕ್ಸಿಮ್ ಸಿಕ್ಕಿಬೀಳಬಾರದು ಅಂತ ನಮಗೆ ಯಾಕೆ ಅನ್ನಿಸುತ್ತೆ?

ಇರುಳೋದು:
ಡಾಫ್ನೆ ಡು ಮೊರಿಯೆ ಬರೆದ ‘ರೆಬೆಕಾ’ (1938) ಬಗ್ಗೆ ಓದುಗರ ಕೂಟದಲ್ಲಿ ಚರ್ಚೆ ಇದೆ. ಒಂದು ಗಂಟು ಬಿಡಿಸೋಕೆ ಆಗ್ತಿಲ್ಲ. ಕಥೆ ಹೇಳೋದು ಮ್ಯಾಂಡರ್ಲಿ ಬಂಗಲೆಯ ಒಡೆಯ ಮ್ಯಾಕ್ಸಿಮ್ ಡಿ ವಿಂಟರ್‌ನ ಎರಡನೇ ಹೆಂಡತಿ. ಅವನು ಮೊದಲ ಹೆಂಡತಿ ರೆಬೆಕಾಗೆ ಗುಂಡಿಟ್ಟವನು. ಹಾಗಿದ್ದೂ ಕೊನೆಯ ಅಧ್ಯಾಯಗಳಲ್ಲಿ ಸಾಕ್ಷಿ ಸಿಗದೇ ಇರಲಪ್ಪಾ ಅಂತ ಓದುಗನೇ ಹರಕೆ ಹೊರುತ್ತಾನೆ. ಬರವಣಿಗೆ ಇದನ್ನು ಹೇಗೆ ಸಾಧಿಸುತ್ತೆ? ಪುಸ್ತಕದೊಳಗಿನ ಜಾಗ ತೋರಿಸಿ ಹೇಳಿದರೆ ಉಪಕಾರ. ಗುಟ್ಟೆಲ್ಲ ಇಲ್ಲಿ ಬಯಲಾಗುತ್ತೆ, ಓದದವರು ಇಲ್ಲೇ ನಿಲ್ಲಿ.

ಅಂಚುಟಿಪ್ಪಣಿ:
ಅಧ್ಯಾಯಗಳ ಲೆಕ್ಕ ಹಾಕಿ, ಅರ್ಧ ಉತ್ತರ ಅಲ್ಲೇ ಇದೆ. ಒಟ್ಟು 27. ತಪ್ಪೊಪ್ಪಿಗೆ ಬರೋದು 19ರ ಕೊನೆ ಮತ್ತು 20ರಲ್ಲಿ. ಅಷ್ಟು ಹೊತ್ತಿಗೆ ನಾವು ನೂರಾರು ಪುಟ ಸವತಿ ಮತ್ಸರ ಉಂಡಿರುತ್ತೇವೆ, ಅದೂ ಸತ್ತ ಸವತಿಯ ಮೇಲಿನದು. ಜೀವಂತ ಸವತಿಯಾದರೆ ಜಗಳವಾಡಬಹುದು, ವಯಸ್ಸಾಗುತ್ತೆ, ತಪ್ಪು ಮಾಡುತ್ತಾಳೆ. ಸತ್ತವಳ ಹತ್ತಿರ ಏನು ಮಾಡ್ತೀರಿ?

ಆ ಮತ್ಸರಕ್ಕೆ ಲೇಖಕಿ ಹಾಕಿದ ಮೇವು ನೋಡಿ, ಎಲ್ಲ ಚಿಲ್ಲರೆ ವಸ್ತುಗಳು. ಎರವಲು ಹಾಕಿಕೊಂಡ ಮಳೆಕೋಟಿನ ಜೇಬಲ್ಲಿ ಒಂದು ಕರವಸ್ತ್ರ ಸಿಗುತ್ತೆ. ಅದರ ಮೇಲೆ ‘ಆರ್’ ಅಕ್ಷರ, ಲಿಪ್‌ಸ್ಟಿಕ್ ಕಲೆ, ಅಜೇಲಿಯಾ ಹೂವಿನ ಮಾಸಲು ವಾಸನೆ. ಕೋಟು ಕಥೆ ಹೇಳುವವಳಿಗೆ ಉದ್ದ. ಅಷ್ಟರಿಂದಲೇ ರೆಬೆಕಾಳ ಎತ್ತರ, ಭುಜದ ಅಗಲ ಎಲ್ಲ ಅಳೆದುಬಿಡುತ್ತಾಳೆ. ಮ್ಯಾಂಡರ್ಲಿಗೆ ಬಂದ ಹೊಸದರಲ್ಲಿ ಮನೆಯೊಳಗಿನ ಫೋನ್ ಬಾರಿಸುತ್ತೆ, ಆ ಕಡೆಯವರು ಮಿಸೆಸ್ ಡಿ ವಿಂಟರ್ ಇದ್ದಾರಾ ಅನ್ನುತ್ತಾರೆ. ಅವರು ತೀರಿಕೊಂಡು ವರ್ಷದ ಮೇಲಾಯಿತಲ್ಲ ಅಂತ ಇವಳ ಉತ್ತರ! ಆ ಹೆಸರು ಈಗ ತನ್ನದೇ ಅನ್ನೋದು ಹೊಳೆದೇ ಇಲ್ಲ. ಮದುವೆಗೆ ಮುಂಚಿನ ಹೆಸರಂತೂ ಕಾದಂಬರಿಯಲ್ಲಿ ಎಲ್ಲೂ ಬರೋದಿಲ್ಲ.

ಆಮೇಲೆ 19ರ ಕೊನೆ ಮತ್ತು 20ನೇ ಅಧ್ಯಾಯ. ಗಂಡ ಎರಡು ಸುದ್ದಿ ಹೇಳುತ್ತಾನೆ: ರೆಬೆಕಾಳನ್ನು ಕೊಂದದ್ದು ನಾನೇ, ಅವಳನ್ನು ಯಾವತ್ತೂ ಪ್ರೀತಿಸಿರಲಿಲ್ಲ. ಇವಳ ಮನಸ್ಸಿಗೆ ಇಳಿಯೋದು ಎರಡನೆಯದು. 19 ಅಧ್ಯಾಯ ಹೊತ್ತ ಭಾರ ಇಳಿಯಿತಲ್ಲ, ನಾವೂ ಅವಳ ಜೊತೆ ಉಸ್ಸಪ್ಪಾ ಅನ್ನುತ್ತೇವೆ. ಕೊಲೆ ಪಕ್ಕಕ್ಕೆ ಸರಿದದ್ದು ಗೊತ್ತೇ ಆಗಲ್ಲ.

ಕಟಕಟೆ:
ಮೇಲಿನವರ ಮಾತು ಸರಿ, ಆದರೆ ಅದು ಅರ್ಧವೇ. ಉಳಿದರ್ಧ ಸಾಕ್ಷಿ ಜೋಡಿಸಿರೋ ರೀತಿಯಲ್ಲಿದೆ.

ಕಡಲ ಬದಿಯ ಕಾಟೇಜಲ್ಲಿ ಆ ರಾತ್ರಿ ನಡೆದದ್ದಕ್ಕೆ ಮ್ಯಾಕ್ಸಿಮ್ ಬಾಯಿಮಾತು ಬಿಟ್ಟರೆ ಬೇರೇನೂ ಇಲ್ಲ. ಆದರೂ ನಂಬುತ್ತೇವೆ, ಯಾಕಂದರೆ ಬಿತ್ತನೆ ಮೊದಲೇ ಆಗಿದೆ. ದಡದಲ್ಲಿ ತಿರುಗಾಡೋ ಬೆನ್, ಆ ಇನ್ನೊಬ್ಬಳನ್ನು ಕಂಡರೆ ಹಾವು ಕಂಡ ಹಾಗಾಗುತ್ತಿತ್ತು ಅಂತ ಎಷ್ಟೋ ಮುಂಚೆ ಹೇಳಿರುತ್ತಾನೆ. ಮುಂದೆ, ರೆಬೆಕಾಳ ಹೆಣವಿದ್ದ ಮುಳುಗಿದ ದೋಣಿ ಸಿಕ್ಕ ಮೇಲೆ, ತನಿಖೆ. ದೋಣಿ ಕಟ್ಟುವ ಟ್ಯಾಬ್, ಹಲಗೆಗಳಿಗೆ ತೂತು ಬಿದ್ದಿರೋದು ಒಳಗಿಂದ ಅನ್ನುತ್ತಾನೆ. ಇದು ಮ್ಯಾಕ್ಸಿಮ್‌ಗೆ ಉರುಳಾಗಬೇಕಿತ್ತು. ತೀರ್ಪು ಮಾತ್ರ ಆತ್ಮಹತ್ಯೆ ಅಂತ ಬರುತ್ತೆ. ಕೊನೆಗೆ ಲಂಡನ್ನಿನ ಡಾಕ್ಟರ್ ಬೇಕರ್: ರೆಬೆಕಾಗೆ ಕ್ಯಾನ್ಸರ್, ಉಳಿದದ್ದು ಕೆಲವೇ ತಿಂಗಳು, ಗರ್ಭಕೋಶದ ದೋಷದಿಂದ ಮಕ್ಕಳಾಗೋ ಹಾಗೂ ಇರಲಿಲ್ಲ. ಅಂದರೆ ಬೇರೆಯವನ ಮಗುವನ್ನು ಮ್ಯಾಂಡರ್ಲಿಯ ವಾರಸುದಾರನನ್ನಾಗಿ ಬೆಳೆಸುತ್ತೇನೆ ಅಂತ ಕೆಣಕಿದ್ದು ಸುಳ್ಳು. ಬೇಕಂತಲೇ ಗುಂಡು ಹೊಡೆಸಿಕೊಂಡಳು ಅನ್ನೋ ಅರ್ಥ ಬಂತು. ಕೊಲೆಯ ಹೊಣೆ ಮೆಲ್ಲಗೆ ಸತ್ತವಳ ಹೆಗಲಿಗೇ ಜಾರಿತು.

ನನ್ನ ತಕರಾರು ಇಲ್ಲೇ. ಬಂದೂಕಿನ ಕುದುರೆ ಎಳೆದಾಗ ಮ್ಯಾಕ್ಸಿಮ್‌ಗೆ ರೋಗದ ವಿಷಯ ಗೊತ್ತಿರಲಿಲ್ಲ. ಮಗುವಿನ ಮಾತು ಕೇಳಿ, ಅದು ನಿಜ ಅಂದುಕೊಂಡೇ ಹೊಡೆದ. ಡಾಕ್ಟರ್ ಹೇಳಿದ್ದು ಅವನ ಅಪರಾಧವನ್ನು ಗುಲಗಂಜಿಯಷ್ಟೂ ಕಡಿಮೆ ಮಾಡೋದಿಲ್ಲ. ಕೂಟದಲ್ಲಿ ಇದೊಂದು ಪ್ರಶ್ನೆ ಎತ್ತಿ, ಎರಡು ಗಂಟೆ ಸಾಲಲ್ಲ.

ಮೂರನೇ ರೀಲು:
ಒಂದು ಎಚ್ಚರಿಕೆ. ಬಂದವರಲ್ಲಿ ಯಾರು ಪುಸ್ತಕ ಓದಿದ್ದಾರೆ, ಯಾರು ಹಿಚ್‌ಕಾಕ್‌ನ 1940ರ ಸಿನಿಮಾ ಮಾತ್ರ ನೋಡಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗೋದನ್ನು ಆಗಿನ ಹಾಲಿವುಡ್ ನಿಯಮಾವಳಿ ಒಪ್ಪುತ್ತಿರಲಿಲ್ಲ. ಹಾಗಾಗಿ ಸಿನಿಮಾದಲ್ಲಿ ರೆಬೆಕಾ ಬಿದ್ದು, ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ನಿಮ್ಮ ಪ್ರಶ್ನೆಯೇ ಅಲ್ಲಿ ಹುಟ್ಟೋದಿಲ್ಲ! ಕೊನೆಗೆ ಮ್ಯಾಂಡರ್ಲಿಯನ್ನು ಸುಡುವ ಬೆಂಕಿಯೂ ಅಷ್ಟೆ. ತೆರೆಯ ಮೇಲೆ ಮನೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ಉರಿಯೊಳಗೆ ನಿಂತಿರೋದು ಕಾಣುತ್ತೆ. ಪುಸ್ತಕದಲ್ಲಿ ದೂರದ ಕೆಂಪು ಆಕಾಶ, ಗಾಳಿಯಲ್ಲಿ ಹಾರಿಬರೋ ಬೂದಿ, ಅಷ್ಟೇ. ಹಚ್ಚಿದವರು ಯಾರು ಅಂತ ಯಾರೂ ಹೇಳೋದಿಲ್ಲ.

ಇರುಳೋದು:
ಮೂವರಿಗೂ ಧನ್ಯವಾದ. ಹಾಗಾದರೆ ಪುಸ್ತಕದ ಮ್ಯಾಕ್ಸಿಮ್‌ಗೆ ಶಿಕ್ಷೆಯೇ ಇಲ್ಲವಾ? ಮನೆ ಸುಟ್ಟದ್ದೇ ಶಿಕ್ಷೆ ಅನ್ನಬಹುದಾ?

ಅಂಚುಟಿಪ್ಪಣಿ:
ಮನೆ ಸುಡೋದು ಕಣ್ಣಿಗೆ ಹೊಡೆಯುತ್ತೆ ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಕೊನೆಯ ಪುಟ ಮುಗಿದ ಕೂಡಲೇ 2ನೇ ಅಧ್ಯಾಯ ತೆಗೆಯಿರಿ. ಕಥೆಯ ಕಾಲಕ್ರಮದಲ್ಲಿ ನಿಜವಾದ ಕೊನೆ ಅಲ್ಲಿದೆ. ಹೊರದೇಶದ ಹೋಟೆಲು, ಇಂಗ್ಲೆಂಡಿನಿಂದ ಬಂದ ಹಳೇ ಪತ್ರಿಕೆಗಳು, ಗಂಡನಿಗೆ ಅವಳು ಓದಿ ಹೇಳುತ್ತಿದ್ದಾಳೆ. ಕಾಡುಪಾರಿವಾಳಗಳ ಬಗ್ಗೆ ಒಂದು ಲೇಖನ ಬರುತ್ತೆ. ಓದ್ತಾ ಓದ್ತಾ ಮ್ಯಾಂಡರ್ಲಿಯ ಕಾಡು ಕಣ್ಣೆದುರು ಬಂದು ನಿಲ್ಲುತ್ತೆ. ಅವನ ಮುಖ ಬಿಳಿಚಿಕೊಂಡದ್ದು ನೋಡಿ ತಟ್ಟನೆ ನಿಲ್ಲಿಸಿ, ಪುಟ ಮಗುಚಿ ಕ್ರಿಕೆಟ್ ಸುದ್ದಿ ಹಿಡಿಯುತ್ತಾಳೆ. ಅವತ್ತಿನಿಂದ ಹಳ್ಳಿಗಾಡಿನ ಬರಹಗಳನ್ನೆಲ್ಲ ಅವನಿಗೆ ಗೊತ್ತಾಗದ ಹಾಗೆ ಒಬ್ಬಳೇ ಓದಿಕೊಳ್ಳುತ್ತಾಳೆ. ಮುಚ್ಚಿಡುವ ಸರದಿ ಈಗ ಅವಳದು.