ಹಿಗಾಶಿ ಒಸಾಕಾದಲ್ಲಿ ಸಣ್ಣ ವರ್ಕ್‌ಶಾಪ್ ವಹಿಸಿಕೊಳ್ಳುತ್ತಿದ್ದೇವೆ, ಸುರಕ್ಷತಾ ನಿಯಮ ಎಲ್ಲಿಂದ ಶುರು ಮಾಡಬೇಕು?

ಒಸಾಕಾ ಹೊಸಬ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಜಪಾನಿ ಪಾರ್ಟ್ನರ್ ಸೇರಿ ಹಿಗಾಶಿ ಒಸಾಕಾದಲ್ಲಿ ಒಂದು ಮಷಿನ್ ಶಾಪ್ ವಹಿಸಿಕೊಳ್ಳುತ್ತಿದ್ದೇವೆ. ಹಳೆಯ ಮಾಲೀಕರಿಗೆ ವಯಸ್ಸಾಗಿದೆ, ಮುಂದುವರಿಸಲು ಮನೆಯಲ್ಲಿ ಯಾರೂ ಇಲ್ಲ. ಕೆಲಸಗಾರರು 14 ಜನ, ಅವರಲ್ಲಿ ನಾಲ್ವರು ವಿಯೆಟ್ನಾಂನವರು. ಲೇಥ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮಷಿನ್, ಬೆಂಚ್ ಗ್ರೈಂಡರ್, 2.8 ಟನ್ನಿನ ಓವರ್‌ಹೆಡ್ ಕ್ರೇನ್, ಒಂದು ಫೋರ್ಕ್‌ಲಿಫ್ಟ್, ದೊಡ್ಡ ಕಂಪ್ರೆಸರ್, ಇಷ್ಟಿವೆ. ಜೊತೆಗೆ ಭಾರತದಿಂದ ಒಂದು ಸಿಎನ್‌ಸಿ ಲೇಥ್ ತರಿಸುವ ಯೋಚನೆಯೂ ಇದೆ.

ತಲೆ ಕೆಟ್ಟಿರುವುದು ಇಲ್ಲಿ. ಒಬ್ಬರು "50 ಜನಕ್ಕಿಂತ ಕಡಿಮೆ ಇದ್ದರೆ ನಿಮಗೆ ಯಾವ ನಿಯಮವೂ ಇಲ್ಲ, ಸುಮ್ನೆ ಇರಿ" ಅನ್ನುತ್ತಾರೆ. ಒಬ್ಬ ಸಲಹೆಗಾರರು ಮೊದಲು ಐಎಸ್‌ಒ 45001 (ಕೆಲಸದ ಜಾಗದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಮಾಡಿಸಿ, ಜೆಐಎಸ್ (ಜಪಾನಿನ ಕೈಗಾರಿಕಾ) ಮಾನದಂಡಗಳನ್ನೆಲ್ಲ ಕೊಳ್ಳಿ ಅನ್ನುತ್ತಿದ್ದಾರೆ. ಕಾನೂನು ಯಾವುದು, ಸ್ವಂತ ಇಚ್ಛೆಗೆ ಬಿಟ್ಟದ್ದು ಯಾವುದು, ಯಾರಾದರೂ ಬಿಡಿಸಿ ಹೇಳಿ. ನಮ್ಮ ಕೈಕೆಳಗೆ ಯಾರ ಬೆರಳೂ ಹೋಗಬಾರದು, ಅದೇ ನನ್ನ ಚಿಂತೆ.

ಹಮಾಮತ್ಸು ಸೇಫ್ಟಿ:

ಮೊದಲು ಆ 50ರ ಮಾತು ತಲೆಯಿಂದ ತೆಗೆದುಹಾಕಿ. ಅರ್ಧ ಮಾತ್ರ ನಿಜ ಅದು.

ನಿಮ್ಮ ಮೂಲ ಕಾನೂನು 1972ರ ಕಾರ್ಮಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆ. ಇಲ್ಲಿ ಎಲ್ಲರೂ ಚಿಕ್ಕದಾಗಿ ಆನ್‌ಎಯ್‌ಹೋ ಅಂತಾರೆ. ಅದು ಬರುವ ಮುಂಚೆ ಜಪಾನಿನಲ್ಲಿ ಕೆಲಸದ ಜಾಗದಲ್ಲಿ ಸಾಯುವವರ ಸಂಖ್ಯೆ ಭಯ ಹುಟ್ಟಿಸುವಂತಿತ್ತು, 1961ರ ಒಂದೇ ವರ್ಷದಲ್ಲಿ 6,712 ಜನ. 2023ರಲ್ಲಿ 755. ಸಣ್ಣ ಶಾಪ್‌ಗಳನ್ನು ಹೊರಗಿಟ್ಟು ಇಷ್ಟು ಇಳಿಸಲು ಆಗುತ್ತಿರಲಿಲ್ಲ.

ಆ ಕಾಯ್ದೆಯಲ್ಲಿ ಎರಡು ಬಗೆಯ ನಿಯಮಗಳಿವೆ. ಒಂದು ಬಗೆ ಜನರ ಲೆಕ್ಕ ನೋಡುತ್ತದೆ. 50 ಮುಟ್ಟಿದರೆ ಕಂಪನಿ ಡಾಕ್ಟರು, ಆರೋಗ್ಯ ಮೇಲ್ವಿಚಾರಕ, ತಯಾರಿಕಾ ಘಟಕವಾದರೆ ಸುರಕ್ಷತಾ ಮೇಲ್ವಿಚಾರಕ ಮತ್ತು ಸಮಿತಿ ಬೇಕು. ನಿಮ್ಮದು 10ರಿಂದ 49ರ ಒಳಗೆ ಬರುತ್ತದೆ, ಹಾಗಾಗಿ ಆನ್‌ಝೆನ್ ಎಯ್‌ಸೇ ಸುಯಿಶಿನ್‌ಶಾ (ಸುರಕ್ಷತೆ, ಆರೋಗ್ಯ ನೋಡಿಕೊಳ್ಳುವವರು) ಅನ್ನುವ ಒಬ್ಬರನ್ನು 14 ದಿನದೊಳಗೆ ನೇಮಿಸಬೇಕು. ಕಾರ್ಮಿಕ ತನಿಖಾ ಕಚೇರಿಗೆ ಅರ್ಜಿ ಕೊಡಬೇಕಿಲ್ಲ, ಹೆಸರನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಸಾಕು. ಆದರೆ ಹೆಸರಿಗೆ ಒಬ್ಬರನ್ನು ಕೂರಿಸಬೇಡಿ. ಶಾಪಿನಲ್ಲಿ ದಿನಾ ಓಡಾಡುವವರನ್ನೇ ಮಾಡಿ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಒಬ್ಬನೇ ಕೆಲಸಗಾರ ಇದ್ದರೂ ಮಾಡಿಸಬೇಕು.

ಇನ್ನೊಂದು ಬಗೆ ಯಂತ್ರವನ್ನು ನೋಡುತ್ತದೆ, ತಲೆ ಎಣಿಸುವುದಿಲ್ಲ. ನಿಮಗೆ ಜಾಸ್ತಿ ಕೆಲಸ ಇರುವುದು ಇಲ್ಲೇ.

ಫೋರ್ಕ್‌ಲಿಫ್ಟ್ 1 ಟನ್ ಅಥವಾ ಹೆಚ್ಚು ಎತ್ತುವಂಥದ್ದಾದರೆ ಓಡಿಸುವವರು ಗಿನೋ ಕೋಶು (ಕೌಶಲ ತರಬೇತಿ) ಮುಗಿಸಿರಬೇಕು. ಕಾರ್ ಲೈಸೆನ್ಸ್ ಇದೆ ಅಂದರೆ ಸಾಲದು. 2.8 ಟನ್ನಿನ ಕ್ರೇನ್ ಇಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ, ಯಾಕೆಂದರೆ 3 ಟನ್ ಮುಟ್ಟಿದರೆ ಅಳವಡಿಸುವಾಗ ಕಚೇರಿಯವರ ಪರೀಕ್ಷೆ ಬೇಕು, ಅದಕ್ಕಿಂತ ಕಡಿಮೆ ಇದ್ದರೆ ವರದಿ ಕೊಟ್ಟರೆ ಆಯಿತು. ಆದರೂ ಅದನ್ನು ನಡೆಸುವವರಿಗೆ ವಿಶೇಷ ತರಬೇತಿ ಬೇಕು. ಅಂಥ ಕ್ರೇನಿನ ಕೆಳಗೆ ಭಾರಕ್ಕೆ ಸ್ಲಿಂಗ್ ಕಟ್ಟುವವರಿಗೆ ತಾಮಾಗಾಕೆ ಕೋರ್ಸು ಬೇರೆ. ಗುಂಡಿ ಒತ್ತುವವನ ಹತ್ತಿರ ಪತ್ರ ಇರುತ್ತದೆ, ಕಟ್ಟುವವನ ಹತ್ತಿರ ಇರುವುದಿಲ್ಲ, ಸಣ್ಣ ಶಾಪ್‌ಗಳಲ್ಲಿ ನಾನು ಹೆಚ್ಚಾಗಿ ನೋಡಿರುವ ಕೊರತೆ ಇದು.

ಬೆಂಚ್ ಗ್ರೈಂಡರಿನ ಕಲ್ಲು ಬದಲಾಯಿಸುವವರಿಗೂ ವಿಶೇಷ ತರಬೇತಿ ಕಡ್ಡಾಯ. ಕಲ್ಲು ಬದಲಾಯಿಸಿದ ಮೇಲೆ ಕನಿಷ್ಠ 3 ನಿಮಿಷ, ಪ್ರತಿದಿನ ಕೆಲಸ ಶುರು ಮಾಡುವ ಮುಂಚೆ ಕನಿಷ್ಠ 1 ನಿಮಿಷ ಸುಮ್ಮನೆ ತಿರುಗಿಸಿ ನೋಡಬೇಕು. ಆಗ ಕಲ್ಲಿನ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ. ಒಳಗೆ ಕಾಣದ ಬಿರುಕು ಇದ್ದರೆ ಚೂರು ಹಾರುವುದು ಮುಂದಕ್ಕೇ.

ಡ್ರಿಲ್ಲಿಂಗ್ ಮಷಿನ್ನಿನಲ್ಲಿ ಕೈ ಸಿಕ್ಕಿಕೊಳ್ಳುವ ಅಪಾಯ ಇರುವ ಕಡೆ ಗ್ಲೌಸ್ ಹಾಕಿಸಬಾರದು ಅಂತ ಆ ಕಾಯ್ದೆಯ ನಿಯಮಾವಳಿಯ 111ನೇ ಕಲಮೇ ಹೇಳುತ್ತದೆ. ಹೊಸಬರು "ಕೈಗೆ ರಕ್ಷಣೆ ಅಲ್ವಾ" ಅಂತ ಹಾಕಿಕೊಂಡು ಬರುತ್ತಾರೆ. ತಿರುಗುವ ಬಿಟ್ಟಿಗೆ ಗ್ಲೌಸಿನ ಒಂದು ನೂಲು ಸಿಕ್ಕರೆ ಸಾಕು, ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮೊದಲ ದಿನವೇ ಇದನ್ನು ಮಷಿನ್ ಹತ್ತಿರ ನಿಂತು ತೋರಿಸಿ.

ಐಎಸ್‌ಒ 45001 ಒಳ್ಳೆಯದೇ, ಆದರೆ ಕಡ್ಡಾಯವಲ್ಲ. 14 ಜನರ ಶಾಪ್‌ಗೆ ಆ ದುಡ್ಡನ್ನು ಮೊದಲು ಮಷಿನ್ನಿನ ರಕ್ಷಣಾ ಗಾರ್ಡ್‌ಗೆ, ತರಬೇತಿಗೆ ಹಾಕಿ.

ನಗೋಯಾ ವೈರ್‌ಮನ್:

ಜೆಐಎಸ್ ಬಗ್ಗೆ ನಾನು ಸೇರಿಸುತ್ತೇನೆ. 1949ರಿಂದ ಇರುವ ವ್ಯವಸ್ಥೆ ಅದು, ಮೂಲತಃ ಇಚ್ಛೆಗೆ ಬಿಟ್ಟದ್ದು. ಯಾವುದಾದರೂ ಕಾನೂನು ತನ್ನೊಳಗೆ ಒಂದು ಜೆಐಎಸ್ ನಂಬರನ್ನು ಕರೆದುಕೊಂಡಾಗ ಅಥವಾ ಗಿರಾಕಿ ಒಪ್ಪಂದದಲ್ಲಿ ಬರೆದಾಗ ಮಾತ್ರ ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ಎಲ್ಲ ಕೊಳ್ಳುವುದು ದುಡ್ಡು ದಂಡ. ಹೊಸ ಮಷಿನ್ ತರಿಸುವುದರಿಂದ ನಿಮಗೆ ಎರಡು ಉಪಯೋಗಕ್ಕೆ ಬರುತ್ತವೆ: ಅಪಾಯ ಅಂದಾಜಿಗೆ ಜೆಐಎಸ್ ಬಿ 9700, ಯಂತ್ರದ ವಿದ್ಯುತ್ ಭಾಗಕ್ಕೆ ಜೆಐಎಸ್ ಬಿ 9960-1. ಮೊದಲನೆಯದು ಐಎಸ್‌ಒ 12100ಕ್ಕೆ, ಎರಡನೆಯದು ಐಇಸಿ 60204-1ಕ್ಕೆ ಹೊಂದುವಂಥವು. ಭಾರತದ ತಯಾರಕರು ಆ ಐಎಸ್‌ಒ, ಐಇಸಿ ಪ್ರಕಾರವೇ ಮಾಡಿದ್ದರೆ ಅವರ ಕಾಗದಗಳು ಇಲ್ಲೂ ಕೆಲಸಕ್ಕೆ ಬರುತ್ತವೆ. ಆರ್ಡರ್ ಕೊಡುವ ಮುಂಚೆಯೇ ಕೇಳಿ, ಆಮೇಲೆ ಯಾರೂ ಕೊಡುವುದಿಲ್ಲ.

ಕರೆಂಟಿನ ವಿಷಯ ಇದಕ್ಕಿಂತ ದೊಡ್ಡದು. ಭಾರತದ ಮಷಿನ್ 415 ವೋಲ್ಟ್, 50 ಹರ್ಟ್ಜ್. ನಿಮ್ಮ ಶಾಪಿನಲ್ಲಿ ಸಿಗುವುದು ತ್ರೀ ಫೇಸ್ 200 ವೋಲ್ಟ್, 60 ಹರ್ಟ್ಜ್, ಯಾಕೆಂದರೆ ಒಸಾಕಾ ಪಶ್ಚಿಮ ಭಾಗದಲ್ಲಿದೆ (ತೋಕ್ಯೋ ಕಡೆ 50). ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಜ್ ಬದಲಾಗುವುದಿಲ್ಲ. ಸ್ಪಿಂಡಲ್ ಮೋಟಾರು ಹರ್ಟ್ಜನ್ನು ತಾನೇ ಹೊಂದಿಸುವ ಡ್ರೈವ್ ಮೇಲೆ ಓಡುವುದರಿಂದ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಆದರೆ ಕೂಲೆಂಟ್ ಪಂಪು, ಹೈಡ್ರಾಲಿಕ್ ಮೋಟಾರು ನೇರವಾಗಿ ಲೈನಿಗೆ ಜೋಡಿಸಿದ್ದರೆ ಅವು ಸುಮಾರು 20% ಜಾಸ್ತಿ ವೇಗದಲ್ಲಿ ತಿರುಗುತ್ತವೆ, ಕೂಲೆಂಟ್ ಪಂಪಿನ ಥರದ ಸೆಂಟ್ರಿಫ್ಯೂಗಲ್ ಪಂಪಿಗೆ ಬೇಕಾಗುವ ಶಕ್ತಿ 1.7 ಪಟ್ಟಿನ ಹತ್ತಿರ ಹೋಗುತ್ತದೆ, ಓವರ್‌ಲೋಡ್ ಬೀಳುತ್ತದೆ ಇಲ್ಲಾ ಮೋಟಾರ್ ಸುಡುತ್ತದೆ. ತಯಾರಕರಿಗೆ 200 ವೋಲ್ಟ್, 60 ಹರ್ಟ್ಜ್ ಅಂತ ಬರೆದು ಕೊಟ್ಟೇ ತರಿಸಿ.

ಪಿಎಸ್‌ಇ ಗುರುತು (ವಿದ್ಯುತ್ ಉಪಕರಣಗಳ ಸುರಕ್ಷತೆಯದ್ದು) ಎಲ್ಲದಕ್ಕೂ ಬೇಕು ಅಂತ ಯಾರಾದರೂ ಹೆದರಿಸಿದರೆ ಪಟ್ಟಿ ತೆಗೆದು ನೋಡಿ. 457 ಬಗೆಯ ವಸ್ತುಗಳಿವೆ, 116ಕ್ಕೆ ವಜ್ರದ ಆಕಾರದ ಗುರುತು, 341ಕ್ಕೆ ವೃತ್ತ. ಕೈಯಲ್ಲಿ ಹಿಡಿಯುವ ಡ್ರಿಲ್, ಗ್ರೈಂಡರ್ ಥರದವು ಅದರಲ್ಲಿ ಬರುತ್ತವೆ. ಮಷಿನ್ ಜೊತೆ ಅಂಥವನ್ನು ತುಂಬಿಸಿ ತರಿಸಬೇಡಿ, ಇಲ್ಲೇ ಕೊಳ್ಳಿ.

ಕರಿಯಾ ವೆಲ್ಡರ್:

ಮೇಲಿನವರು ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ನೆಲದ ಮೇಲೆ ಕೆಲಸ ಮಾಡುವವನು, ಮಾಲೀಕರಾಗುವ ನಿಮಗೆ ಒಂದು ಮಾತು ಹೇಳಲೇಬೇಕು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನನ್ನ ಜೊತೆಯವನ ಕಾಲಿನ ಮೇಲೆ ಪ್ಲೇಟ್ ಬಿತ್ತು. ಮೇಲಿನವರು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ "ಮನೆಯಲ್ಲಿ ಬಿದ್ದೆ ಅನ್ನು, ಹೆಲ್ತ್ ಇನ್ಶೂರೆನ್ಸ್ ಕಾರ್ಡ್ ಕೊಡು" ಅಂದರು. ಅವನಿಗೆ ವೀಸಾ ಭಯ, ಹಾಗೇ ಹೇಳಿದ. ಅವನು ಕಳೆದುಕೊಂಡದ್ದು ಏನು ಗೊತ್ತಾ? ಕೆಲಸದಲ್ಲಿ ಆದ ಗಾಯಕ್ಕೆ ರೋಸಾಯಿ ವಿಮೆಯಲ್ಲಿ ಚಿಕಿತ್ಸೆಗೆ ಅವನು ಒಂದು ಯೆನ್ ಕೊಡಬೇಕಿರಲಿಲ್ಲ, ರಜೆಯ ನಾಲ್ಕನೇ ದಿನದಿಂದ ಸಂಬಳದ ಸುಮಾರು 80% ಸಿಗುತ್ತಿತ್ತು. ಮೊದಲ ಮೂರು ದಿನದ 60% ಕಂಪನಿ ಕೊಡಬೇಕಿತ್ತು. ಪ್ಲೇಟ್ ಇಡುವ ಸ್ಟ್ಯಾಂಡ್ ಹಾಗೇ ಉಳಿಯಿತು, ಯಾರೂ ಬಂದು ನೋಡಲಿಲ್ಲ, ಯಾಕೆಂದರೆ ಅಪಘಾತ ಆಗಿದೆ ಅಂತ ಯಾರಿಗೂ ಗೊತ್ತಿಲ್ಲ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

4 ದಿನ ಅಥವಾ ಹೆಚ್ಚು ರಜೆ ಬೇಕಾಗುವ ಗಾಯ ಆದರೆ ತಡ ಮಾಡದೆ ರೋಕಿಶೋಗೆ, ಅಂದರೆ ಕಾರ್ಮಿಕ ತನಿಖಾ ಕಚೇರಿಗೆ, ವರದಿ ಕೊಡಬೇಕು. ಅದಕ್ಕಿಂತ ಕಡಿಮೆ ಆದರೆ ಮೂರು ತಿಂಗಳಿಗೊಮ್ಮೆ ಸೇರಿಸಿ ಕೊಡಬೇಕು. 2025ರ ಜನವರಿಯಿಂದ ಇದು ಆನ್‌ಲೈನಿನಲ್ಲೇ. ಮುಚ್ಚಿಟ್ಟರೆ ಅದು ಅಪರಾಧ, 5 ಲಕ್ಷ ಯೆನ್‌ವರೆಗೆ ದಂಡ. ದಂಡದ ಭಯಕ್ಕಲ್ಲ, ನಿಮ್ಮ ಕೆಲಸಗಾರರು ನಿಮ್ಮನ್ನು ನಂಬಬೇಕು ಅಂದರೆ ಮೊದಲ ಸಣ್ಣ ಗಾಯವನ್ನೇ ಸರಿಯಾಗಿ ಬರೆಯಿರಿ.

ಹಾಗೇ ಯುಬಿಸಾಶಿ ಕೋಶೋ ಬಿಡಬೇಡಿ. ಬೆರಳು ತೋರಿಸಿ "ವಾಲ್ವ್ ಮುಚ್ಚಿದೆ, ಯೋಶಿ (ಸರಿ)!" ಅಂತ ಗಟ್ಟಿಯಾಗಿ ಹೇಳುವುದು ಹೊಸಬರಿಗೆ ನಾಚಿಕೆ ಅನ್ನಿಸುತ್ತದೆ. 1994ರಲ್ಲಿ ಜಪಾನಿನ ರೈಲ್ವೆ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿದಾಗ ತಪ್ಪುಗಳು ಸುಮಾರು ಆರನೇ ಒಂದು ಭಾಗಕ್ಕೆ ಇಳಿದಿದ್ದವು. ಮಾಲೀಕರಾದ ನೀವೇ ಮೊದಲು ಗಟ್ಟಿಯಾಗಿ ಹೇಳಿ, ಉಳಿದವರೂ ಹೇಳುತ್ತಾರೆ.

ಒಸಾಕಾ ಹೊಸಬ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರಿಯಾದವರೇ, ನಿಮ್ಮ ಮಾತು ಪಾರ್ಟ್ನರ್‌ಗೂ ಓದಿ ಹೇಳಿದೆ. ಇನ್ನೆರಡು ಪ್ರಶ್ನೆ: ವಿಯೆಟ್ನಾಂನವರಿಗೆ ತರಬೇತಿ ಜಪಾನಿಯಲ್ಲೇ ಕೊಟ್ಟರೆ ಸಾಕಾ? ಶಾಪಿನಲ್ಲಿ ಎಸಿ ಇಲ್ಲ, ಬೇಸಿಗೆಗೆ ಏನು ಮಾಡಬೇಕು?

ಹಮಾಮತ್ಸು ಸೇಫ್ಟಿ:

ಸಾಲದು. ಕಾಯ್ದೆ ಯಾವ ದೇಶದವರು ಅಂತ ನೋಡುವುದಿಲ್ಲ, ಅವರಿಗೆ ಅರ್ಥವಾಗುವ ಹಾಗೆ ಕಲಿಸಬೇಕು. ಆರೋಗ್ಯ ಮತ್ತು ಕಾರ್ಮಿಕ ಸಚಿವಾಲಯದ ಸೈಟಿನಲ್ಲಿ ವಿಯೆಟ್ನಾಮೀಸ್ ಭಾಷೆಯಲ್ಲೇ ಪಾಠಗಳು ಉಚಿತವಾಗಿ ಸಿಗುತ್ತವೆ. "ಅರ್ಥವಾಯಿತಾ" ಅಂತ ಕೇಳಬೇಡಿ, ಎಲ್ಲರೂ ಹಾಯ್ (ಹೌದು) ಅಂತಾರೆ. ಮಾಡಿ ತೋರಿಸು ಅನ್ನಿ. ವಿಶೇಷ ತರಬೇತಿಯ ದಾಖಲೆ 3 ವರ್ಷ ಇಡಬೇಕು.

ಬೇಸಿಗೆಗೆ 2025ರ ಜೂನ್ 1ರಿಂದ ಹೊಸ ನಿಯಮ ಇದೆ. ಡಬ್ಲ್ಯುಬಿಜಿಟಿ (ತೇವಾಂಶ, ಬಿಸಿಲಿನ ಝಳ ಎಲ್ಲ ಸೇರಿಸಿದ ಶಾಖದ ಅಳತೆ) 28 ಅಥವಾ ತಾಪಮಾನ 31 ಡಿಗ್ರಿ ಮುಟ್ಟಿದ ಜಾಗದಲ್ಲಿ ಒಂದು ಗಂಟೆ ಅಥವಾ ಹೆಚ್ಚು ಒಂದೇ ಸಮನೆ, ಅಥವಾ ದಿನಕ್ಕೆ 4 ಗಂಟೆಗಿಂತ ಹೆಚ್ಚು ಕೆಲಸ ಇದ್ದರೆ, ಮೈ ಸರಿಯಿಲ್ಲದವರು ಯಾರಿಗೆ ಹೇಳಬೇಕು, ಆಮೇಲೆ ಹೇಗೆ ತಂಪು ಮಾಡಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು ಎಲ್ಲ ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿರಬೇಕು. ಒಸಾಕಾದ ಜುಲೈನಲ್ಲಿ ಎಸಿ ಇಲ್ಲದ ಶಾಪ್ ಇದರೊಳಗೆ ಬಂದೇ ಬರುತ್ತದೆ.

ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ. ಪಾರ್ಟ್ಸ್ ತೊಳೆಯಲು ಸೀಮೆಎಣ್ಣೆ ಇಟ್ಟಿದ್ದಾರಾ ನೋಡಿ. ಅಗ್ನಿಶಾಮಕ ಕಾಯ್ದೆಯಲ್ಲಿ ಅದರ ಮಿತಿ 1,000 ಲೀಟರ್, ಐದನೇ ಒಂದು ಭಾಗ, ಅಂದರೆ 200 ಲೀಟರ್ ಮುಟ್ಟಿದರೆ ಊರಿನ ಅಗ್ನಿಶಾಮಕ ಕಚೇರಿಗೆ ತಿಳಿಸಬೇಕು. ಒಂದು ಡ್ರಮ್ ಅಂದರೇನೇ 200 ಲೀಟರ್. ಕಂಪ್ರೆಸರ್ 7.5 ಕಿಲೋವ್ಯಾಟ್ ಅಥವಾ ಹೆಚ್ಚಿನದಾದರೆ ಶಬ್ದ ನಿಯಂತ್ರಣ ಕಾಯ್ದೆಯಡಿ ಹಳೆಯ ಮಾಲೀಕರ ಹೆಸರಲ್ಲಿ ಸಿಟಿ ಆಫೀಸಿನಲ್ಲಿ ನೋಂದಣಿ ಇರಬಹುದು. ಶಾಪ್ ನಿಮ್ಮ ಕೈಗೆ ಬಂದ 30 ದಿನದೊಳಗೆ ಅದನ್ನು ನಿಮ್ಮ ಹೆಸರಿಗೆ ತಿಳಿಸಿಕೊಳ್ಳಬೇಕು. ಹಳೆಯ ಮಾಲೀಕರ ಫೈಲುಗಳನ್ನು ಅವರು ಎಸೆಯುವ ಮುಂಚೆಯೇ ಕೇಳಿ ಇಸಿದುಕೊಳ್ಳಿ, ಕ್ರೇನ್ ವರದಿ, ತರಬೇತಿ ಪತ್ರ, ಫೋರ್ಕ್‌ಲಿಫ್ಟಿನ ವಾರ್ಷಿಕ ತಪಾಸಣೆಯ ಕಾಗದ ಎಲ್ಲ ಅದರಲ್ಲೇ ಇರುತ್ತವೆ.