ಪದಚರ್ಚೆ: ಸೈಕಲ್ ಸ್ಪರ್ಧೆಯ ‘ಪೆಲೊಟಾನ್’ – ಗುಂಪೇ, ಹಿಂಡೇ, ದಂಡೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಎರಿಟ್ರಿಯಾದ ಸೈಕಲ್ ಪಟು ಬಿನಿಯಾಮ್ ಗಿರ್ಮಾಯ್ ಅವರ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವರು 2000ದಲ್ಲಿ ಅಸ್ಮಾರಾದಲ್ಲಿ ಹುಟ್ಟಿದವರು. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಊರು ಅದು. ಇಟಲಿಯವರು ಆಳಿದ ಕಾಲದಿಂದಲೂ ಅಲ್ಲಿಯವರಿಗೆ ಸೈಕಲ್ ಸ್ಪರ್ಧೆಯೆಂದರೆ ಪ್ರಾಣ. ಗಿರ್ಮಾಯ್ 2018ರಲ್ಲಿ ಸ್ವಿಟ್ಜರ್ಲೆಂಡಿನ ಏಗ್ಲ್‌ನಲ್ಲಿರುವ ವಿಶ್ವ ಸೈಕ್ಲಿಂಗ್ ಕೇಂದ್ರಕ್ಕೆ ಬಂದರು. ಕಾಲಿನ ಕಸುವನ್ನು ಊರಿನಿಂದಲೇ ತಂದಿದ್ದರು. ಯುರೋಪಿನಲ್ಲಿ ಕಲಿಯಬೇಕಾದದ್ದು ಬೇರೆ ವಿದ್ಯೆ: ಕಿರಿದಾದ ರಸ್ತೆಯಲ್ಲಿ ನೂರೈವತ್ತು ಜನ ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುವಾಗ ಅವರ ನಡುವೆ ಬೀಳದೆ, ಬೀಳಿಸದೆ, ಹಿಂದುಳಿಯದೆ ಸಾಗುವುದು. ಆ ಸಮೂಹಕ್ಕೆ ಫ್ರೆಂಚರು ‘ಪೆಲೊಟಾನ್’ ಎನ್ನುತ್ತಾರೆ. ಲೇಖನದಲ್ಲಿ ಈ ಪದ ಹೆಜ್ಜೆ ಹೆಜ್ಜೆಗೂ ಬರುತ್ತದೆ. ಅದಕ್ಕೊಂದು ಕನ್ನಡ ಪದ ಬೇಕಾಗಿದೆ.

ಮೊದಲು ಹೊಳೆಯುವುದು ‘ಗುಂಪು’. ಇಟಲಿಯವರೂ ತಮ್ಮ ಭಾಷೆಯಲ್ಲಿ ‘ಗ್ರುಪ್ಪೊ’ ಎಂದೇ ಹೇಳುತ್ತಾರೆ. ಆದರೆ ಅವರಲ್ಲಿ 1909ರಿಂದ ದೇಶ ಸುತ್ತುವ ಜಿರೋ ಸೈಕಲ್ ಸ್ಪರ್ಧೆ ನಡೆಯುತ್ತಿದೆ. ಪತ್ರಿಕೆಗಳಲ್ಲಿ ಅದನ್ನು ಓದಿ ಓದಿ ಆ ಸಾದಾ ಪದಕ್ಕೇ ವಿಶೇಷಾರ್ಥ ಬಂದುಬಿಟ್ಟಿದೆ. ನಮ್ಮ ಕ್ರೀಡಾಪುಟದಲ್ಲಿ ‘ಗುಂಪು’ ಎಂದರೆ ‘ಎ’ ಗುಂಪು, ‘ಬಿ’ ಗುಂಪು, ಗುಂಪು ಹಂತದ ಪಂದ್ಯ. ಆ ಜಾಗ ಈಗಾಗಲೇ ಭರ್ತಿಯಾಗಿದೆ. ಜೊತೆಗೆ, ಗುಂಪಿಗೆ ಚಲನೆಯಿಲ್ಲ. ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತವರದೂ ಗುಂಪೇ.

‘ಹಿಂಡು’ ಎಂಬ ಪದದ ಮೇಲೆ ನನಗೆ ಬಹಳ ಪ್ರೀತಿಯಿದೆ. ಅದು ಸಾಗುತ್ತದೆ, ಒಟ್ಟಾಗಿ ತಿರುಗುತ್ತದೆ. ಇಕ್ಕಟ್ಟಿನಲ್ಲಿ ಒತ್ತಿ ಹಿಂಡುವ ಕ್ರಿಯೆಯೂ ಅದೇ ಅಕ್ಷರಗಳಲ್ಲಿ ಅಡಗಿದೆ. ಆದರೂ ಕುರಿ, ಆನೆಗಳಿಗೆ ಸಲ್ಲುವ ಮಾತನ್ನು ಮನುಷ್ಯರಿಗೆ ಹೇಳಿದರೆ ಬುದ್ಧಿಯಿಲ್ಲದೆ ಹಿಂಬಾಲಿಸುವವರು ಎಂಬ ಧ್ವನಿ ಹೊರಡುತ್ತದೆ. ಇಲ್ಲಿ ವಿಷಯ ಅದಕ್ಕೆ ತದ್ವಿರುದ್ಧ. ಮುಂದಿನವರ ಹಿಂಚಕ್ರಕ್ಕೂ ತನ್ನ ಮುಂಚಕ್ರಕ್ಕೂ ನಡುವೆ ಇರುವುದು ಒಂದು ಗೇಣು ಅಂತರ. ಚಕ್ರಕ್ಕೆ ಚಕ್ರ ಸೋಕಿದರೆ ಸಾಮಾನ್ಯವಾಗಿ ಉರುಳುವುದು ಹಿಂದಿನವರು. ಅವರ ಮೇಲೆ ಇನ್ನೂ ಹತ್ತು ಜನ. ಹಾಗಾಗಿ ಕಣ್ಣು ಚಕ್ರದ ಮೇಲೆ ನೆಟ್ಟಿರಬಾರದು, ನಾಲ್ಕೈದು ಜನರಾಚೆಯ ರಸ್ತೆಯ ಮೇಲಿರಬೇಕು. ಮುಂದಿದ್ದವರು ಗಾಳಿಗೆ ಎದುರಾಗಿ ಸಾಗುವ ತಮ್ಮ ಸರದಿ ಮುಗಿಯಿತೆಂದು ಮೊಣಕೈಯನ್ನು ಚೂರು ಆಡಿಸಿದರೆ ಹಿಂದಿನವರು ಅದನ್ನು ಗ್ರಹಿಸಬೇಕು. ಇಷ್ಟು ಎಚ್ಚರದ ಜನರನ್ನು ಹಿಂಡು ಎಂದು ಕರೆಯಲು ಮನಸ್ಸು ಒಪ್ಪುತ್ತಿಲ್ಲ.

ನನ್ನ ಒಲವು ‘ದಂಡು’ ಕಡೆಗೆ. ಪೆಲೊಟಾನ್ ಮೂಲದಲ್ಲಿ ಪುಟ್ಟ ಉಂಡೆ. ಆಮೇಲೆ ಸೈನಿಕರ ಪುಟ್ಟ ಪಡೆ. ಅಲ್ಲಿಂದ ಸೈಕಲ್ಲಿಗೆ ಬಂತು. ನಮ್ಮ ಪೊಲೀಸ್ ಸುದ್ದಿಗಳಲ್ಲಿ ಬರುವ ‘ಪ್ಲಟೂನ್’ ಕೂಡ ಇದೇ ಮನೆತನದ್ದು. ಕನ್ನಡದ ‘ದಂಡು’ ಸಹ ಸೇನೆಯಿಂದ ಹೊರಟು ಮಕ್ಕಳ ದಂಡು, ಪ್ರವಾಸಿಗರ ದಂಡು ಎನ್ನುವವರೆಗೆ ಸಲೀಸಾಗಿ ಬಂದಿದೆ. ಅದಕ್ಕೆ ನಡೆಯಿದೆ, ಅಬ್ಬರವಿದೆ, ಒಳಗೊಂದು ವ್ಯವಸ್ಥೆಯಿದೆ. ಇನ್ನೊಂದು ಅನುಕೂಲವನ್ನೂ ಹೇಳುತ್ತೇನೆ. ಬೆಲ್ಜಿಯಂನ ಪಶ್ಚಿಮದ ಬಯಲಿನಲ್ಲಿ ಸಮುದ್ರದ ಕಡೆಯಿಂದ ಅಡ್ಡಗಾಳಿ ಬೀಸಿದಾಗ ಸವಾರರು ಒಬ್ಬರ ಮರೆಯಲ್ಲಿ ಒಬ್ಬರು ಗಾಳಿ ತಪ್ಪಿಸಿಕೊಳ್ಳಲು ರಸ್ತೆಯ ಉದ್ದಕ್ಕೆ ಸಾಗದೆ ಅಡ್ಡಕ್ಕೆ ಓರೆಯಾಗಿ ಹರಡಿಕೊಳ್ಳುತ್ತಾರೆ. ಡಚ್ಚರು ಇದನ್ನು ಬೀಸಣಿಗೆ ಎನ್ನುತ್ತಾರೆ. ರಸ್ತೆಯ ಅಗಲ ಮುಗಿದಲ್ಲಿ ಓರೆಸಾಲಿನಲ್ಲಿ ಜಾಗವೂ ಮುಗಿಯಿತು. ಉಳಿದವರು ಅಂಚಿನಲ್ಲಿ ಗಾಳಿಗೆ ಮೈಯೊಡ್ಡಿ ಬಳಲಿ, ಕಳಚಿಕೊಳ್ಳುತ್ತಾರೆ. ಆಗ ‘ದಂಡು ಮೂರು ತುಕಡಿಯಾಯಿತು’ ಎಂದು ಬರೆಯಬಹುದು. ತುಕಡಿ ಎಂದರೆ ಚೂರೂ ಹೌದು, ಪಡೆಯ ಭಾಗವೂ ಹೌದು. ಅಚ್ಚುಕಟ್ಟಾಗಿ ಕೂರುತ್ತದೆ.

ದಂಡಿನಲ್ಲಿ ಎಲ್ಲಿರಬೇಕೆಂಬುದೇ ಈ ವಿದ್ಯೆಯ ತಿರುಳು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕ ಬರ್ಟ್ ಬ್ಲೊಕೆನ್ ಮತ್ತು ಸಂಗಡಿಗರು 121 ಸವಾರರ ದಂಡನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನಡುಹಿಂಭಾಗದಲ್ಲಿರುವವರಿಗೆ ತಗಲುವ ಗಾಳಿಯ ತಡೆ ಒಂಟಿ ಸವಾರನಿಗೆ ತಗಲುವುದರ ಶೇ 5ರಿಂದ 10ರಷ್ಟು ಮಾತ್ರ. ಹಾಗೆಂದು ಹಿಂದೆಯೇ ಇದ್ದರೆ ತಿರುವು ತಿರುವಿಗೂ ಬ್ರೇಕ್ ಹಿಡಿದು ಮತ್ತೆ ಓಡಿ ಕೂಡಿಕೊಳ್ಳಬೇಕು. ಮುಂದೆ ಯಾರೋ ಬಿದ್ದರೆ ದಾರಿಯೇ ಮುಚ್ಚಿಹೋಗುತ್ತದೆ. ಕಲ್ಲುಹಾಸಿನ ಏರು ಹತ್ತಿರವಾದಂತೆ ಎಲ್ಲರೂ ಮುಂದಕ್ಕೆ ನುಗ್ಗುವುದು ಇದಕ್ಕೇ. ಗಿರ್ಮಾಯ್ ಇದನ್ನು ಎಷ್ಟು ಬೇಗ ಕಲಿತರೆಂದರೆ 2022ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಒಂದು ದಿನದ ಗೆಂಟ್–ವೆವೆಲ್ಗೆಮ್ ಸ್ಪರ್ಧೆಯನ್ನು ಗೆದ್ದರು. ಅದನ್ನು ಗೆದ್ದ ಮೊದಲ ಆಫ್ರಿಕನ್ ಅವರು. 2024ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ಹಂತಗಳನ್ನೂ ಅಂಕಗಳಲ್ಲಿ ಮೊದಲಿಗರಾದವರಿಗೆ ಸಲ್ಲುವ ಹಸಿರು ಅಂಗಿಯನ್ನೂ ಗಳಿಸಿದರು.

ಇನ್ನೊಬ್ಬರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಳ್ಳುವುದಕ್ಕೆ ಏನನ್ನೋಣ? ‘ಗಾಳಿಮರೆ’ ಸಾಕೆನಿಸುತ್ತದೆ. ದೀಪಕ್ಕೆ ಅಂಗೈ ಮರೆ ಮಾಡುತ್ತೇವಲ್ಲ, ಅದೇ ಮರೆ. ಕ್ರಿಯಾಪದ ಬೇಕಾದರೆ ‘ಮರೆಹೋಗು’ ಇದೆ. ರಕ್ಷಣೆ ಬೇಡಿ ಹೋಗುವ ಹಳೆಯ ಅರ್ಥ ಇಲ್ಲಿಗೆ ಭಾರವಾಗುತ್ತದೆಯೇ ಎಂಬುದಷ್ಟೇ ಅನುಮಾನ.

ನಿಮ್ಮ ಅಭಿಪ್ರಾಯ ಬೇಕು. ‘ದಂಡು’ ಎಂದೊಡನೆ ಓದುಗರಿಗೆ ಸೈನ್ಯವೇ ಕಣ್ಣಮುಂದೆ ಬರುತ್ತದೆಯೇ? ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟೋ ಸೈಕಲ್ ಪಟುಗಳು ಬಂದಿದ್ದಾರೆ. ಅಲ್ಲಿ ಸ್ಪರ್ಧೆ ಮಾಡಿದವರು, ತರಬೇತಿ ಕೊಟ್ಟವರು ಬಳಗದಲ್ಲಿದ್ದರೆ, ಅಭ್ಯಾಸದ ಹೊತ್ತಿನಲ್ಲಿ ಈ ಸಮೂಹಕ್ಕೆ, ಗಾಳಿ ತಪ್ಪಿಸುವುದಕ್ಕೆ, ಸರದಿ ಬಿಟ್ಟುಕೊಡುವುದಕ್ಕೆ ಬಾಯಲ್ಲಿ ಬರುವ ಮಾತುಗಳನ್ನು ದಯವಿಟ್ಟು ತಿಳಿಸಿ. ಆ ಮಾತು ಇಂಗ್ಲಿಷಿನಿಂದ ಬಂದದ್ದಾದರೂ ಸರಿ, ಬಳಕೆಯಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.